ನಗರ ಯೋಜನೆಯ ಡಿಗ್ರಿ: ಅರ್ಜಿ ತುಂಬುವ ಮುಂಚೆ ಉತಾರ ಓದಿ

ಮಾನ್ಯ ಸಂಪಾದಕರೇ,

ಪಿಯು ಎರಡನೇ ವರ್ಷದಲ್ಲಿರುವ ಮಕ್ಕಳ ಪಾಲಕರು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಒಂದು ಹೊಸದು ಸೇರಿಕೊಂಡಿದೆ: ‘ಬಿ.ಪ್ಲಾನ್ ಅಂತ ಒಂದು ಡಿಗ್ರಿ ಐತಂತಲ್ರಿ, ಮಾಡಿಸಬಹುದೇನು? ಮುಂದ ನೌಕರಿ ಸಿಗ್ತದೇನು?’ ಬಿ.ಪ್ಲಾನ್ ಎಂದರೆ ನಗರ ಯೋಜನೆಯ ನಾಲ್ಕು ವರ್ಷದ ಪದವಿ. ಕಾಲೇಜಿನ ಜಾಹೀರಾತು ನೋಡಿದರೆ ನೌಕರಿ ಬಾಗಿಲಲ್ಲೇ ನಿಂತಿದೆ. ಓಣಿಯ ಸಿವಿಲ್ ಎಂಜಿನಿಯರನ್ನು ಕೇಳಿದರೆ ‘ಅದ್ಯಾಕ ಬೇಕ್ರಿ, ಸಿವಿಲ್‌ಗೆ ಹಚ್ರಿ’ ಎನ್ನುತ್ತಾರೆ. ಎರಡು ಮಾತಿನಲ್ಲೂ ನಿಜದ ಒಂದೊಂದು ಪಾಲಿದೆ. ನಾಲ್ಕು ವರ್ಷವನ್ನೂ ಮನೆಯ ಉಳಿತಾಯವನ್ನೂ ಹಾಕುವ ಮುಂಚೆ ಉಳಿದ ಪಾಲೂ ಗೊತ್ತಿರಲಿ ಎಂದು ಈ ಪತ್ರ.

ಮೊದಲು ಕೆಲಸ ಏನೆಂಬುದು ಸ್ಪಷ್ಟವಾಗಬೇಕು. ಕಟ್ಟಡ ಹೇಗಿರಬೇಕು ಎಂದು ಆರ್ಕಿಟೆಕ್ಟ್ ಹೇಳುತ್ತಾರೆ, ಅದು ಬೀಳದಂತೆ ಸಿವಿಲ್ ಎಂಜಿನಿಯರ್ ನೋಡಿಕೊಳ್ಳುತ್ತಾರೆ. ಆ ಕಟ್ಟಡ ಆ ಜಾಗದಲ್ಲಿ ಬರಬಹುದೇ, ಮುಂದಿನ ರಸ್ತೆ ಎಷ್ಟು ಅಗಲ ಬೇಕು, ನೀರು ಎಲ್ಲಿಂದ ಬರುತ್ತದೆ, ಗಲೀಜು ನೀರು ಎಲ್ಲಿಗೆ ಹೋಗುತ್ತದೆ, ಇಪ್ಪತ್ತು ವರ್ಷದ ಮೇಲೆ ಅಲ್ಲಿ ಎಷ್ಟು ಜನ ಇರುತ್ತಾರೆ ಎಂದು ಕೇಳುವುದು ನಗರ ಯೋಜಕರ ಕೆಲಸ. ನಮ್ಮ ರಾಜ್ಯದಲ್ಲಿ ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಊರಿನ ಸುತ್ತ ಸ್ಥಳೀಯ ಯೋಜನಾ ಪ್ರದೇಶ ಘೋಷಣೆಯಾಗುತ್ತದೆ, ಅದಕ್ಕೊಂದು ಯೋಜನಾ ಪ್ರಾಧಿಕಾರ ಇರುತ್ತದೆ, ಅದು ಈಗಿನ ಭೂಬಳಕೆಯ ಸರ್ವೆ ಮಾಡಿಸಿ ಮಾಸ್ಟರ್ ಪ್ಲಾನ್ ತಯಾರಿಸುತ್ತದೆ. ಸರ್ಕಾರದ ತಾತ್ಕಾಲಿಕ ಒಪ್ಪಿಗೆ ಸಿಕ್ಕ ಮೇಲೆ ಪ್ರಕಟಿಸಿ, ಆಕ್ಷೇಪಣೆಗೆ 60 ದಿನ ಕೊಟ್ಟು, ಬಂದದ್ದನ್ನು ಪರಿಶೀಲಿಸಿ ಅಂತಿಮಗೊಳಿಸಬೇಕು. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಪ್ಲಾನಿನ ನಕ್ಷೆಯಲ್ಲಿ ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಸಾರ್ವಜನಿಕ ಬಳಕೆಗೆ, ಹಸಿರು ಉದ್ಯಾನಕ್ಕೆ. ಈ ಬಣ್ಣಗಳೇ ಡಿಗ್ರಿ ಎಂದು ತಿಳಿದು ಬಂದ ಹುಡುಗರು ಎರಡನೇ ಸೆಮಿಸ್ಟರಿಗೆ ಕಂಗಾಲಾಗುತ್ತಾರೆ. ಬಣ್ಣದ ಹಿಂದೆ ಇರುವುದು ಲೆಕ್ಕ.

ಆ ಲೆಕ್ಕ ಹೇಗಿರುತ್ತದೆ ನೋಡಿ. ಊರಂಚಿನ 10 ಎಕರೆ ಹೊಲ ಎನ್ಎ (ಕೃಷಿಯೇತರ ಜಮೀನು) ಆಗಿ ಲೇಔಟಿಗೆ ಬಂತು ಎನ್ನೋಣ. 10 ಎಕರೆ ಎಂದರೆ 400 ಗುಂಟೆ. ಶೇ 55 ಪ್ಲಾಟ್‌ಗಳಿಗೆ, ಶೇ 30 ರಸ್ತೆಗೆ, ಶೇ 10 ಉದ್ಯಾನಕ್ಕೆ, ಶೇ 5 ನಾಗರಿಕ ಸೌಲಭ್ಯಕ್ಕೆ ಎಂದು ಹಿಡಿದರೆ ಮಾರಾಟಕ್ಕೆ ಉಳಿಯುವುದು 220 ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ 2,39,580 ಚದರ ಅಡಿ, ಅಂದರೆ 30–40 ಅಡಿಯ 199 ಪ್ಲಾಟ್. ಮನೆಗೆ ಐದು ಜನ ಎಂದರೆ ಹತ್ತಿರ ಹತ್ತಿರ ಸಾವಿರ ಜನ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ರೂಢಿಯ ಮಾನದಂಡ. ಹಾಗಾಗಿ ದಿನಕ್ಕೆ 1.35 ಲಕ್ಷ ಲೀಟರ್ ಬೇಕು. ಅದರಲ್ಲಿ ಶೇ 80ರಷ್ಟು ಗಲೀಜು ನೀರಾಗಿ ಹೊರಬರುತ್ತದೆ: 1.08 ಲಕ್ಷ ಲೀಟರ್. ಮೇಲೊಂದು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟ ದಿನ ಎಲ್ಲವೂ ದುಪ್ಪಟ್ಟು. ಈ ನೀರನ್ನು ಒಯ್ಯುವ ಪೈಪು ಆ ಲೇಔಟಿನ ಗೇಟಿನ ಹೊರಗೆ ಇದೆಯೇ? ಇಲ್ಲವೆಂದರೆ ಅದು ಪಕ್ಕದ ನಾಲಾಕ್ಕೆ ಹೋಗುತ್ತದೆ, ನಾಲಾದಿಂದ ಕೆಳಗಿನ ರೈತನ ಗದ್ದೆಗೆ ಹೋಗುತ್ತದೆ.

ಇದೇ ಹೊಲವನ್ನು ಮಂಜೂರಾತಿ ಇಲ್ಲದೆ ಗುಂಟೆ ಲೆಕ್ಕದಲ್ಲಿ ಮಾರಿದರೆ ಉದ್ಯಾನದ 40 ಗುಂಟೆ, ಸೌಲಭ್ಯದ 20 ಗುಂಟೆಯೂ ಪ್ಲಾಟ್ ಆಗುತ್ತವೆ. 60 ಗುಂಟೆಗೆ 54 ಪ್ಲಾಟ್. ಆ 54 ಪ್ಲಾಟಿನ ದುಡ್ಡೇ ಎಲ್ಲ ಒತ್ತಡದ ಮೂಲ. ಆಮೇಲೆ ಅಂಗನವಾಡಿಗೆ ಜಾಗ ಎಲ್ಲಿ, ನೀರಿನ ಟ್ಯಾಂಕ್ ಎಲ್ಲಿ ಎಂದು ಹುಡುಕುತ್ತ ಪಾಲಿಕೆ ರಸ್ತೆಯ ಮೂಲೆಗೆ ಬರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಈ ಲೆಕ್ಕ ಓದುವಾಗ ‘ಮುಂದೇನು?’ ಎಂಬ ಕುತೂಹಲ ಹುಟ್ಟಿದ ವಿದ್ಯಾರ್ಥಿಗೆ ಈ ಡಿಗ್ರಿ ಒಗ್ಗುತ್ತದೆ. ಬೇಸರ ಬಂದಿದ್ದರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಈಗ ನೌಕರಿ. ನೀತಿ ಆಯೋಗ 2021ರ ಸೆಪ್ಟೆಂಬರಿನಲ್ಲಿ ಹೊರತಂದ ವರದಿಯ ಪ್ರಕಾರ ದೇಶದ ರಾಜ್ಯ ನಗರ ಯೋಜನಾ ಇಲಾಖೆಗಳಿಗೆ 12 ಸಾವಿರಕ್ಕೂ ಹೆಚ್ಚು ಯೋಜಕರು ಬೇಕು. ಮಂಜೂರಾದ ಹುದ್ದೆ 4 ಸಾವಿರಕ್ಕೂ ಕಡಿಮೆ, ಅದರಲ್ಲೂ ಶೇ 42ರಷ್ಟು ಖಾಲಿ. ದೇಶದ ನಗರ ಪ್ರದೇಶಗಳಲ್ಲಿ ಸುಮಾರು ಶೇ 65ಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ಈ ಅಂಕಿಗಳನ್ನು ಹಿಡಿದು ‘ಇಷ್ಟೊಂದು ಬೇಡಿಕೆ ಇದೆ’ ಎಂದು ಜಾಹೀರಾತು ಮಾಡುತ್ತಾರೆ. ಅದೇ ವರದಿ ಹೇಳಿದ ಇನ್ನೊಂದು ಮಾತನ್ನು ಮಾತ್ರ ಬಿಟ್ಟುಬಿಡುತ್ತಾರೆ: ಹಲವು ರಾಜ್ಯಗಳಲ್ಲಿ ನಗರ ಯೋಜಕರ ಹುದ್ದೆಗೆ ನಗರ ಯೋಜನೆಯ ಡಿಗ್ರಿ ಕಡ್ಡಾಯವೇ ಅಲ್ಲ. ಊರಿಗೆ ಅಗತ್ಯ ಇರುವುದು ಬೇರೆ, ಸರ್ಕಾರ ಹುದ್ದೆ ಸೃಷ್ಟಿಸುವುದು ಬೇರೆ, ಆ ಹುದ್ದೆಗೆ ಈ ಡಿಗ್ರಿಯವರನ್ನೇ ಕರೆಯುವುದು ಮತ್ತೂ ಬೇರೆ. ಮೂರೂ ಒಂದೇ ಎಂದು ನಂಬಿ ಸೇರಿದವರು ಮುಂದೆ ನೊಂದುಕೊಳ್ಳುತ್ತಾರೆ.

ಇನ್ನೊಂದು ಕೊರತೆ ಕಾನೂನಿನದು. 1972ರ ಆರ್ಕಿಟೆಕ್ಟ್ ಕಾಯ್ದೆ ಇರುವುದರಿಂದ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಬೋರ್ಡು ಹಾಕುವಂತಿಲ್ಲ. ನಗರ ಯೋಜಕರಿಗೆ ಅಂಥ ಕೇಂದ್ರ ಕಾಯ್ದೆ ಇಲ್ಲ. 1951ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾ (ಐಟಿಪಿಐ) ಎಂಬ ವೃತ್ತಿ ಸಂಸ್ಥೆ ಇದೆ. ಅದು ಕೋರ್ಸುಗಳಿಗೆ ಮಾನ್ಯತೆ ಕೊಡುತ್ತದೆ, ಸದಸ್ಯತ್ವ ಕೊಡುತ್ತದೆ. ಸರ್ಕಾರಿ ಅಧಿಸೂಚನೆಗಳಲ್ಲಿ, ಟೆಂಡರುಗಳಲ್ಲಿ ಈ ಸದಸ್ಯತ್ವ ಕೇಳುವುದುಂಟು. ಆದ್ದರಿಂದ ಕಾಲೇಜು ಸೇರುವ ಮುಂಚೆ ಆ ಕೋರ್ಸಿನ ಹೆಸರು ಐಟಿಪಿಐ ಮಾನ್ಯತಾ ಪಟ್ಟಿಯಲ್ಲಿ ಇದೆಯೇ, ಮಾನ್ಯತೆ ಯಾವ ವರ್ಷದವರೆಗೆ ಎಂದು ನೋಡಲೇಬೇಕು. ‘ಮಾನ್ಯತೆಗೆ ಅರ್ಜಿ ಹಾಕಿದ್ದೇವೆ’ ಎಂಬ ಕಾಲೇಜಿನ ಉತ್ತರವನ್ನು ಮಾನ್ಯತೆ ಎಂದು ತಿಳಿಯಬಾರದು. ಹಾಗೆಯೇ ಕೆಪಿಎಸ್‌ಸಿ ಹಿಂದೆ ನಗರ ಯೋಜನಾ ಇಲಾಖೆಗೆ ಕರೆದ ಹುದ್ದೆಗಳ ಅಧಿಸೂಚನೆಗಳನ್ನು ತೆಗೆದು, ವಿದ್ಯಾರ್ಹತೆಯ ಕಾಲಂ ಒಂದನ್ನೇ ಸಾಲು ಸಾಲಾಗಿ ಓದಬೇಕು. ಒಂದು ತಾಸಿನ ಕೆಲಸ, ನಾಲ್ಕು ವರ್ಷ ಉಳಿಸಬಹುದು.

ಖಾಸಗಿ ಕಡೆ ಕೆಲಸ ಇದೆ, ಆದರೆ ಬಹುಪಾಲು ಒಂದೊಂದು ಪ್ರಾಜೆಕ್ಟಿಗೆ ಕಟ್ಟಿಹಾಕಿದ ಕೆಲಸ. ಮಾಸ್ಟರ್ ಪ್ಲಾನ್ ಮಾಡುವ ಕನ್ಸಲ್ಟನ್ಸಿ, ಸಂಚಾರ ಅಧ್ಯಯನ, ಜಿಐಎಸ್ (ಕಂಪ್ಯೂಟರ್) ನಕ್ಷೆ, ನೀರು ಸರಬರಾಜು ಯೋಜನೆಗಳ ವರದಿ. ಬೆಳಗಾವಿ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ಬಂತು. ಆ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಇಂಥ ಮಿಷನ್‌ಗಳಲ್ಲಿ ಗುತ್ತಿಗೆಯ ಮೇಲೆ ಸೇರಿದವರ ನೌಕರಿಯ ಆಯುಷ್ಯ ಮಿಷನ್ನಿನ ಆಯುಷ್ಯದಷ್ಟೇ. ಮೊದಲ ನಾಲ್ಕೈದು ವರ್ಷ ಊರಿಂದೂರಿಗೆ ಹೋಗಲು ತಯಾರಿರುವವರಿಗೆ ಇದು ತೊಂದರೆಯಲ್ಲ, ಅನುಭವ ಬೇಗ ಬೆಳೆಯುತ್ತದೆ. ಮನೆಯಿಂದ ದೂರ ಹೋಗಲಾರೆ ಎನ್ನುವವರಿಗೆ ಕಷ್ಟ.

ಹಾಗಾದರೆ ಯಾವ ದಾರಿ? ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ದೆಹಲಿ, ಭೋಪಾಲ, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ, ಇಲ್ಲವೇ ಭೋಪಾಲದ ಎನ್ಐಟಿಯಂಥ ಕಡೆ ಬಿ.ಪ್ಲಾನ್ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಸೇರಬಹುದು. ಅದು ಸಿಗದಿದ್ದರೆ, ಹೆಸರು ಕೇಳಿರದ ಕಾಲೇಜಿಗೆ ದುಬಾರಿ ಫೀ ಕಟ್ಟುವ ಬದಲು ಊರಿನ ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ಬಿ.ಇ. ಸಿವಿಲ್ ಮಾಡಿ, ಆಮೇಲೆ ನಗರ ಯೋಜನೆಯ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂ.ಪ್ಲಾನ್‌ಗೆ ಹೋಗುವುದು ಗಟ್ಟಿ ದಾರಿ. ಒಟ್ಟು ಆರು ವರ್ಷ ಹಿಡಿಯುತ್ತದೆ, ಆದರೆ ಕೈಯಲ್ಲಿ ಎರಡು ಅರ್ಹತೆ ಇರುತ್ತದೆ. ಎಂಜಿನಿಯರ್ ಹುದ್ದೆಗೂ ಯೋಜಕರ ಹುದ್ದೆಗೂ ಅರ್ಜಿ ಹಾಕಬಹುದು. ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಮೂಲಕ ಬಂದರೆ ಏಳು ವರ್ಷ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೂ ಎಂ.ಪ್ಲಾನ್ ಬಾಗಿಲು ತೆರೆದಿದೆ ಎಂಬುದು ನಮ್ಮ ಕಡೆ ಬಹಳ ಜನರಿಗೆ ಗೊತ್ತಿಲ್ಲ. ಹಳ್ಳಿಯ ಡಿಗ್ರಿ ಕಾಲೇಜಿನಲ್ಲಿ ಭೂಗೋಳ ಓದಿದ ಹುಡುಗಿಗೆ ನಕ್ಷೆಯ ಮೇಲೆ ಹಿಡಿತ ಇದ್ದರೆ ಆಕೆ ಈ ಕ್ಷೇತ್ರಕ್ಕೆ ದೊಡ್ಡ ಲಾಭ. ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ, ಖರಗ್‌ಪುರ ಮತ್ತು ರೂರ್ಕಿಯ ಐಐಟಿಗಳು ಸ್ನಾತಕೋತ್ತರಕ್ಕೆ ಹಳೆಯ, ಹೆಸರುಳ್ಳ ಜಾಗಗಳು. ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ‘ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್’ ಎಂಬ ಪೇಪರೇ ಇದೆ, ಸಿವಿಲ್ ಪೇಪರಿನ ಅಂಕವನ್ನು ಒಪ್ಪುವ ಸಂಸ್ಥೆಗಳೂ ಇವೆ.

ಬಿ.ಪ್ಲಾನ್ ಪ್ರವೇಶಕ್ಕೆ ಜೆಇಇ ಮೇನ್‌ನ ಪೇಪರ್ 2ಬಿ ಬರೆಯಬೇಕು. ಇಲ್ಲಿ ಆಗುವ ಮೊದಲ ತಪ್ಪು ಅರ್ಜಿಯಲ್ಲೇ. ಎಲ್ಲರೂ ಬಿ.ಇ., ಬಿ.ಟೆಕ್ ಎಂದು ಪೇಪರ್ 1ಕ್ಕೆ ಮಾತ್ರ ಗುರುತು ಹಾಕುತ್ತಾರೆ, ಆಮೇಲೆ ಒಳ್ಳೆಯ ಅಂಕ ಬಂದರೂ ಆ ಅಂಕದ ಮೇಲೆ ಬಿ.ಪ್ಲಾನ್ ಸೀಟು ಸಿಗುವುದಿಲ್ಲ. 2ಬಿಯಲ್ಲಿ ಮೂರು ತಾಸು, 100 ಪ್ರಶ್ನೆ, 400 ಅಂಕ. ಗಣಿತ 25, ಆಪ್ಟಿಟ್ಯೂಡ್ 50, ಪ್ಲಾನಿಂಗ್ 25. ಚಿತ್ರ ಬಿಡಿಸುವ ಪರೀಕ್ಷೆ ಇಲ್ಲ, ಅದು ಬಿ.ಆರ್ಕ್‌ನ 2ಎಯಲ್ಲಿ ಮಾತ್ರ. ಪ್ಲಾನಿಂಗ್ ಭಾಗದಲ್ಲಿ ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಸಮಾಜ ವಿಜ್ಞಾನ, ನಕ್ಷೆಯ ಅಳತೆ, ದಿಕ್ಕು, ಸರ್ಕಾರದ ಯೋಜನೆಗಳು ಬರುತ್ತವೆ. ನೂರು ಪ್ರಶ್ನೆಯಲ್ಲಿ ಗಣಿತ ಕಾಲು ಭಾಗ ಮಾತ್ರ ಎಂಬುದನ್ನು ಗಮನಿಸಿ. ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ ಹಿಂದೆ ಬಿದ್ದ ಮಕ್ಕಳೂ ಇಲ್ಲಿ ಮುಂದೆ ಬರಬಹುದು, ಏಕೆಂದರೆ ಆ ವಿಷಯಗಳು ಕಡ್ಡಾಯವಲ್ಲ. ಗಣಿತ ಮಾತ್ರ ಬೇಕೇ ಬೇಕು. ಪಿಯು ವಾಣಿಜ್ಯದಲ್ಲಿ ಬೇಸಿಕ್ ಮ್ಯಾಥ್ಸ್ ಓದಿದವರು ಫೀ ಕಟ್ಟುವ ಮುಂಚೆಯೇ ತಾವು ಸೇರಬೇಕೆಂದಿರುವ ಸಂಸ್ಥೆಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು.

ಎರಡನೇ ತಪ್ಪು ಪ್ರಮಾಣಪತ್ರದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಯ ಮಕ್ಕಳು ಇದರಲ್ಲಿ ಸೀಟು ಕಳೆದುಕೊಳ್ಳಬಹುದು, ಅದಕ್ಕೇ ಬಿಡಿಸಿ ಹೇಳುತ್ತೇವೆ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಪ್ರಮಾಣಪತ್ರ ಈ ಕೇಂದ್ರ ಸಂಸ್ಥೆಗಳ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ಗೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ, ಉಪಜಾತಿಯ ಹೆಸರು ಅದೇ ಕಾಗುಣಿತದಲ್ಲಿ ಇದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರವಲ್ಲದ ಒಬಿಸಿ ಪ್ರಮಾಣಪತ್ರ ಮಾಡಿಸಬೇಕು. ರಾಜ್ಯ ಪಟ್ಟಿಯಲ್ಲಿದ್ದು ಕೇಂದ್ರ ಪಟ್ಟಿಯಲ್ಲಿ ಇಲ್ಲದವರು ಆದಾಯ 8 ಲಕ್ಷದೊಳಗಿದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ನೋಡಬಹುದು. ಆದರೆ ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನಿದ್ದರೆ, ಆದಾಯ ಎಷ್ಟೇ ಕಡಿಮೆ ಇದ್ದರೂ ಅದು ಸಿಗುವುದಿಲ್ಲ. ಮಳೆಯಾಶ್ರಿತ ಆರು ಎಕರೆ ಇರುವ ವಿಜಯಪುರದ ರೈತನಿಗೆ ಇದು ಅನ್ಯಾಯ ಎನಿಸುತ್ತದೆ, ಆದರೆ ನಿಯಮ ಹಾಗಿದೆ. ಈ ಎರಡೂ ಪ್ರಮಾಣಪತ್ರ ಆ ವರ್ಷದ ಏಪ್ರಿಲ್ 1ರ ನಂತರದ್ದಾಗಿರಬೇಕು. ಹಳೆಯದನ್ನು ಹಿಡಿದು ಹೋದರೆ ಕೌನ್ಸೆಲಿಂಗ್‌ನಲ್ಲಿ ಸಾಮಾನ್ಯ ವರ್ಗಕ್ಕೆ ಹಾಕುತ್ತಾರೆ. ಏಪ್ರಿಲ್ ಮೊದಲ ವಾರದಲ್ಲೇ ನಾಡಕಚೇರಿಗೆ ಹೋಗಿ.

ಸೇರಿದ ಮೇಲೆ ಏನು ಓದುತ್ತಾರೆ? ಅಂಕಿಸಂಖ್ಯಾಶಾಸ್ತ್ರ, ಭೂಕಾನೂನು, ಸಂಚಾರ, ನೀರು–ಒಳಚರಂಡಿ, ವಸತಿ, ಪಾಲಿಕೆಯ ಹಣಕಾಸು, ಜಿಐಎಸ್. ಇವೆಲ್ಲ ಸೇರುವ ಜಾಗ ಸ್ಟುಡಿಯೋ. ಒಂದು ವಾರ್ಡ್, ಆಮೇಲೆ ಒಂದು ಊರು, ಆಮೇಲೆ ಒಂದು ಪ್ರದೇಶ ಹಿಡಿದು ಸರ್ವೆ ಮಾಡಿ ಯೋಜನೆ ಬರೆಯಬೇಕು. ಬಿಸಿಲಲ್ಲಿ ನಡೆಯಬೇಕು, ರಾತ್ರಿ ಕಂಪ್ಯೂಟರ್ ಮುಂದೆ ಕೂರಬೇಕು. ಡಿಗ್ರಿಯ ನಿಜವಾದ ಹದ ಇರುವುದು ಇಲ್ಲಿ. ತಪ್ಪುಗಳು ಹುಟ್ಟುವುದೂ ಇಲ್ಲೇ, ಅದರಲ್ಲಿ ಮೂರನ್ನು ಹೇಳುತ್ತೇವೆ.

ಮೊದಲನೆಯದು ನಕ್ಷೆಯ ಜೋಡಣೆ. ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕು. 1:10,000ರ ನಕ್ಷೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನೆಲದ ಮೇಲೆ 10 ಮೀಟರ್ ತಪ್ಪುತ್ತದೆ. ಅಂದರೆ ಒಂದು ಮನೆ ಪೂರ್ತಿ. ಆರ್‌ಎಸ್ ನಂಬರ್ (ಜಮೀನಿನ ಸರ್ವೆ ನಂಬರ್) 40ರಲ್ಲಿ ಹೋಗಬೇಕಾದ 18 ಮೀಟರ್ ರಸ್ತೆ 41ರವರ ಹೊಲಕ್ಕೆ ಬೀಳುತ್ತದೆ, ಅವರಿಗೆ ಅದು ಗೊತ್ತಾಗುವುದು ಮನೆ ಕಟ್ಟಲು ಪರವಾನಗಿ ಕೇಳಿದ ದಿನ. ಜೋಡಿಸುವಾಗ ನಾಲ್ಕು ಗುರುತು ಸಾಕು ಎಂದು ಸಾಫ್ಟ್‌ವೇರ್ ಒಪ್ಪಿಕೊಳ್ಳುತ್ತದೆ. ಹಳೆಯ ಕಾಗದ ಒಂದು ಕಡೆ ಕುಗ್ಗಿರುತ್ತದೆ, ಇನ್ನೊಂದು ಕಡೆ ಹಿಗ್ಗಿರುತ್ತದೆ, ಹಾಗಾಗಿ ಎಂಟು ಹತ್ತು ಗುರುತಾದರೂ ಬೇಕು, ಅವು ನಕ್ಷೆಯ ನಾಲ್ಕೂ ಮೂಲೆಗೆ ಹರಡಿರಬೇಕು. ಮೂರು ಊರಿನ ಗಡಿ ಸೇರುವ ಕಲ್ಲು, ಹಳೆಯ ಗುಡಿ, ಕಲ್ಲು ಕಟ್ಟಿದ ಬಾವಿ ಒಳ್ಳೆಯ ಗುರುತು. ಗಿಡ, ಬದು, ಹೊಸ ರಸ್ತೆ ನಂಬಬಾರದು. ಇದೇ ಕೆಲಸದಲ್ಲಿ ನಾಲಾಗಳು ಕಳೆದುಹೋಗುತ್ತವೆ. ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಒಣಗಿದ ಹಳ್ಳ ಹೊಲದ ಬದುವಿನಂತೆ ಕಾಣುತ್ತದೆ. ಚಿತ್ರವನ್ನಷ್ಟೇ ನೋಡಿ ಗೆರೆ ಎಳೆದವರು ಅಲ್ಲಿ ಹಳದಿ ತುಂಬುತ್ತಾರೆ. ಗ್ರಾಮ ನಕ್ಷೆಯ ಜೋಡಿ ಗೆರೆ ನೋಡಿದವರು, ಜುಲೈನಲ್ಲಿ ಒಮ್ಮೆ ನಡೆದು ಬಂದವರು ಮಾತ್ರ ಅದನ್ನು ಉಳಿಸಬಲ್ಲರು. ಬೆಳಗಾವಿಯ ಬಳ್ಳಾರಿ ನಾಲಾದ ಅಕ್ಕಪಕ್ಕದ ರೈತರಿಗೆ ಇದನ್ನು ಬೇರೆ ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ಬೆಳಗಾವಿ ಎಲ್ಲೆಲ್ಲಿ ನೀರಲ್ಲಿ ನಿಂತಿತ್ತೋ ಅಲ್ಲೆಲ್ಲ ಹಳೆಯ ನಕ್ಷೆ ಹಿಡಿದು ನೋಡುವ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನ ಪಾಠ ಸಿಗುತ್ತದೆ.

ಎರಡನೆಯದು ಭೂಬಳಕೆಯ ಸರ್ವೆ. ಬೆಳಗಾವಿಯ ಖಡೇಬಜಾರದಂಥ ಹಳೆಯ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಗೋದಾಮು ಇರುವುದು ಸಾಮಾನ್ಯ. ರಸ್ತೆಯಲ್ಲಿ ನಿಂತು ನೋಡಿದವರು ಇಡೀ ಕಟ್ಟಡಕ್ಕೆ ನೀಲಿ ಹಚ್ಚುತ್ತಾರೆ. ಮೇಲಿನ ಮನೆಗಳು ನಕ್ಷೆಯಿಂದ ಮಾಯ, ಅಲ್ಲಿನ ಜನ ಲೆಕ್ಕದಿಂದ ಮಾಯ. ಆ ಲೆಕ್ಕದ ಮೇಲೆ ನೀರಿನ ಪೈಪಿನ ಗಾತ್ರ ನಿರ್ಧಾರವಾದಾಗ ಗಲ್ಲಿಯ ಕೊನೆಯ ಮನೆಗೆ ನೀರು ಏರುವುದಿಲ್ಲ. ಸರಿಯಾದ ಕ್ರಮ ಎಂದರೆ ಸಿಟಿಎಸ್ (ನಗರದ ಆಸ್ತಿಯ ಸರ್ವೆ) ನಂಬರ್ ಹಿಡಿದು ಅಂತಸ್ತಿಗೊಂದು ಕಾಲಂ ಬರೆಯುವುದು, ಮೆಟ್ಟಿಲು ಹತ್ತಿ ಕೇಳುವುದು.

ಮೂರನೆಯದು ವಾಹನ ಎಣಿಕೆ. 15 ನಿಮಿಷಕ್ಕೊಂದು ಸಾಲಿನಂತೆ, ವಾಹನದ ಜಾತಿ ಬೇರೆ ಬೇರೆ ಬರೆದು ದಿನವಿಡೀ ಎಣಿಸುತ್ತಾರೆ. ಆಮೇಲೆ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತರುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ 106ನೇ ಮಾರ್ಗಸೂಚಿಯಲ್ಲಿ ಕಾರು 1 ಎಂದರೆ ಬೈಕು 0.5ರಿಂದ 0.75, ಆಟೋ 1.2ರಿಂದ 2, ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್ 4ರಿಂದ 5. ಈಗ ಯೋಚಿಸಿ: ಬೇಸಿಗೆ ರಜೆಯಲ್ಲಿ ಎಣಿಕೆ ಮಾಡಿದರೆ ಬಾಗಲಕೋಟೆ, ಬೆಳಗಾವಿ ಜಿಲ್ಲೆಯ ಯಾವ ರಸ್ತೆಯೂ ಖಾಲಿ ಕಾಣುತ್ತದೆ. ಕಬ್ಬಿನ ಹಂಗಾಮಿನಲ್ಲಿ, ನವೆಂಬರಿನಿಂದ ಮಾರ್ಚ್‌ವರೆಗೆ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಅದೇ ರಸ್ತೆಯಲ್ಲಿ ಸಾಲುಗಟ್ಟಿರುತ್ತವೆ. ತಾಸಿಗೆ ನೂರು ಟ್ರ್ಯಾಕ್ಟರ್ ಎಂದರೆ ನಾನೂರು ಐನೂರು ಕಾರಿಗೆ ಸಮ. ಹೊರ ಊರಿನ ಕನ್ಸಲ್ಟಂಟ್ ಮೇ ತಿಂಗಳಲ್ಲಿ ಎಣಿಸಿ ವರದಿ ಕೊಟ್ಟರೆ ಅದರಲ್ಲಿ ಕಬ್ಬೇ ಇರುವುದಿಲ್ಲ. ಈ ನೆಲದ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬರಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಉತಾರ (ಜಮೀನಿನ ದಾಖಲೆ) ಓದಲು ಬರುವವರು, ಹಿಸ್ಸಾ (ಸರ್ವೆ ನಂಬರಿನ ಪಾಲು) ಎಂದರೇನು, ಪೋಡಿ (ಪಾಲನ್ನು ಅಳೆದು ಬೇರೆ ಮಾಡುವುದು) ಏಕೆ ಆಗಿಲ್ಲ ಎಂದು ರೈತನನ್ನು ಕನ್ನಡದಲ್ಲಿ ಕೇಳಬಲ್ಲವರು, ಬೆಳಗಾವಿಯಲ್ಲಾದರೆ ಮರಾಠಿಯಲ್ಲೂ ಕೇಳಬಲ್ಲವರು ಯೋಜನಾ ಕಚೇರಿಗೆ ಬೇಕು.

ಕಲಿಯಲು ನಮ್ಮ ಮೂರು ಊರುಗಳಿಗಿಂತ ಒಳ್ಳೆಯ ಪುಸ್ತಕ ಇಲ್ಲ. ಬಾಗಲಕೋಟೆಯ ಹಳೆಯ ಪೇಟೆ ಆಲಮಟ್ಟಿಯ ಹಿನ್ನೀರಿಗೆ ಮುಳುಗಡೆಯಾಗುವಾಗ 1983ರ ಪ್ರತ್ಯೇಕ ಕಾಯ್ದೆಯಡಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ನವನಗರಕ್ಕೆ ಚಾರ್ಲ್ಸ್ ಕೊರಿಯಾ ಯೋಜನೆ ಹಾಕಿದರು. ಒಂದು ಇಡೀ ಊರನ್ನು ಸೆಕ್ಟರ್ ಲೆಕ್ಕದಲ್ಲಿ ಕಾಗದದ ಮೇಲಿಂದ ನೆಲಕ್ಕೆ ತಂದರೆ ಏನೇನು ಉಳಿಯುತ್ತದೆ, ಜನ ಏನನ್ನು ಬದಲಿಸಿಕೊಳ್ಳುತ್ತಾರೆ ಎಂದು ಅಲ್ಲಿ ನಡೆದೇ ನೋಡಬಹುದು. ವಿಜಯಪುರದಲ್ಲಿ ತೊರವಿ, ಬೇಗಂ ತಲಾಬಿನಿಂದ ನೀರು ತಂದು, ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿ ಒತ್ತಡ ಇಳಿಸಿದ ಆದಿಲಶಾಹಿ ವ್ಯವಸ್ಥೆಯ ಗುರುತುಗಳಿವೆ. ಅದೇ ಊರಿನಲ್ಲಿ ಇಂದಿನ ಕಠಿಣ ಪ್ರಶ್ನೆಯೂ ಇದೆ: ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಕಟ್ಟಡ ಕಟ್ಟಲು ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಒಂದು ಸಣ್ಣ ಗುಮ್ಮಟದ ಸುತ್ತ 300 ಮೀಟರಿನ ವೃತ್ತ ಎಳೆದರೆ ಸುಮಾರು 70 ಎಕರೆ ಒಳಗೆ ಬರುತ್ತದೆ. ಅಂಥ ವೃತ್ತಗಳು ಒಂದರ ಮೇಲೊಂದು ಬೀಳುವ ಊರಿನಲ್ಲಿ ಹಳೆಯ ಮನೆಯ ಗೋಡೆ ಬಿದ್ದವರು ಏನು ಮಾಡಬೇಕು? ಸ್ಮಾರಕವೂ ಉಳಿಯಬೇಕು, ಅವರೂ ಉಳಿಯಬೇಕು. ಬೆಳಗಾವಿಯಲ್ಲಿ ಪಾಲಿಕೆ, ಕಂಟೋನ್ಮೆಂಟ್ ಮಂಡಳಿ, ನಗರಾಭಿವೃದ್ಧಿ ಪ್ರಾಧಿಕಾರ, ಸುತ್ತಲಿನ ಪಂಚಾಯಿತಿಗಳು ಎಂದು ಅಧಿಕಾರ ಹಂಚಿಹೋಗಿದೆ. ಒಂದೇ ಹಳ್ಳ ಇವುಗಳ ಗಡಿ ದಾಟಿ ಹರಿಯುತ್ತದೆ.

ಬಿ.ಪ್ಲಾನ್ ಯಾರಿಗೆ ಬೇಡ? ಬೇಗ ಸಂಬಳ ಬೇಕಾದ ಮನೆಯವರಿಗೆ, ಒಬ್ಬರೇ ಕೂತು ವಿನ್ಯಾಸ ಮಾಡುವ ಆಸೆಯವರಿಗೆ, ಬರೆಯಲು ಬೇಸರಪಡುವವರಿಗೆ. ಈ ವೃತ್ತಿಯಲ್ಲಿ ನಕ್ಷೆಗಿಂತ ವರದಿ ಹೆಚ್ಚು, ವರದಿಗಿಂತ ಸಭೆ ಹೆಚ್ಚು. ಕನ್ನಡ ಮಾಧ್ಯಮದವರು ಹೆದರಬೇಕಿಲ್ಲ, ಆದರೆ ಮೊದಲ ವರ್ಷ ಕಾಯ್ದೆಯ ಇಂಗ್ಲಿಷ್ ಭಾರ ಎನಿಸುತ್ತದೆ. ದಿನಕ್ಕೆರಡು ಪುಟ ಕಾಯ್ದೆ ಓದಿ ಕನ್ನಡದಲ್ಲಿ ತಾವೇ ಬರೆದುಕೊಂಡರೆ ಮುಂದೆ ಅದೇ ಅವರ ಬಲವಾಗುತ್ತದೆ.

ರಾಜ್ಯ ಸರ್ಕಾರ ಮಾಡಬೇಕಾದ್ದೂ ಇದೆ. ನಗರ ಯೋಜಕರ ಹುದ್ದೆಗಳ ವೃಂದ ನಿಯಮದಲ್ಲಿ ಯೋಜನೆಯ ಪದವಿಗೆ ಸ್ಪಷ್ಟ ಜಾಗ ಕೊಡಬೇಕು. ಮಾಸ್ಟರ್ ಪ್ಲಾನಿನ ವರದಿ, ವಲಯ ನಿಯಮಗಳನ್ನು ಆರ್‌ಎಸ್ ನಂಬರುಗಳ ಸಮೇತ ಕನ್ನಡದಲ್ಲಿ ಪ್ರಕಟಿಸಬೇಕು. ಇಂಗ್ಲಿಷ್ ವರದಿಗೆ 60 ದಿನದಲ್ಲಿ ಆಕ್ಷೇಪಣೆ ಬರೆಯಿರಿ ಎಂದರೆ ರೈತ ವಕೀಲರಿಗೆ ದುಡ್ಡು ಕೊಡಬೇಕಾಗುತ್ತದೆ. ಪ್ರತಿ ಪ್ರಾಧಿಕಾರವೂ ಬೇಸಿಗೆ ರಜೆಯಲ್ಲಿ ನಾಲ್ಕೈದು ವಿದ್ಯಾರ್ಥಿಗಳನ್ನು ಸರ್ವೆಗೆ ಕರೆದುಕೊಳ್ಳಲಿ.

ಅಲ್ಲಿಯವರೆಗೆ, ತೀರ್ಮಾನಿಸಲಾಗದ ವಿದ್ಯಾರ್ಥಿಗಳು ಮೂರು ರವಿವಾರ ಇಷ್ಟು ಮಾಡಿ ನೋಡಲಿ. ಒಂದು ಎ3 ಹಾಳೆ ತೆಗೆದುಕೊಳ್ಳಿ. 1:1,000 ಅಳತೆಯಲ್ಲಿ ಅದರೊಳಗೆ ಸುಮಾರು 400 ಮೀಟರ್ ಉದ್ದ, 280 ಮೀಟರ್ ಅಗಲದ ನೆಲ ಕೂರುತ್ತದೆ, ನಿಮ್ಮ ಓಣಿಗೆ ಸಾಕು. ಮೊದಲ ರವಿವಾರ ರಸ್ತೆ, ಚರಂಡಿ, ಪ್ರತಿ ಕಟ್ಟಡ ಗುರುತಿಸಿ, ಅಂತಸ್ತಿಗೊಂದು ಬಣ್ಣ ಬರೆಯಿರಿ. ರಸ್ತೆಯ ಅಗಲವನ್ನು ಟೇಪಿನಿಂದ ಕಟ್ಟೆಯಿಂದ ಕಟ್ಟೆಗೆ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಎರಡನೇ ರವಿವಾರ ಮೂಲೆಯಲ್ಲಿ ನಿಂತು ಬೆಳಿಗ್ಗೆ ಒಂದು ತಾಸು ವಾಹನ ಎಣಿಸಿ, ಅದನ್ನೇ ಸೋಮವಾರ ಶಾಲೆ ಬಿಡುವ ಹೊತ್ತಿಗೆ ಮತ್ತೆ ಎಣಿಸಿ, ಎರಡರ ವ್ಯತ್ಯಾಸ ಏಕೆ ಎಂದು ಹತ್ತು ಸಾಲು ಬರೆಯಿರಿ. ಮೂರನೇ ರವಿವಾರಕ್ಕೆ ಮುಂಚೆ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ನಿಮ್ಮ ಭಾಗದ ಮಾಸ್ಟರ್ ಪ್ಲಾನ್ ಹಾಳೆ ಕೇಳಿ, ಜೊತೆಗೆ ಮನೆಯ ಉತಾರ ಇಟ್ಟುಕೊಂಡು ಆರ್‌ಎಸ್ ನಂಬರ್ ಹುಡುಕಿ. ನಿಮ್ಮ ಹಾಳೆಯನ್ನು ಅದರ ಪಕ್ಕ ಇಟ್ಟು ನೋಡಿ. ಪ್ಲಾನಿನಲ್ಲಿ 12 ಮೀಟರ್ ಇರುವ ರಸ್ತೆ ನಿಮ್ಮ ಟೇಪಿನಲ್ಲಿ 7 ಮೀಟರ್ ಬಂದರೆ, ಆ 5 ಮೀಟರ್ ಎಲ್ಲಿ ಹೋಯಿತು ಎಂದು ಹುಡುಕುವ ಹಟ ಹುಟ್ಟಿದರೆ, 2ಬಿ ಅರ್ಜಿ ತುಂಬಿ.

ಇಂತಿ,
ನಗರ ಯೋಜನೆಯ ಕೆಲಸದಲ್ಲಿರುವ ಓದುಗರು
ಬೆಳಗಾವಿ